ಮೂಗಿಗೆ ವಾಸನೆ, ಮೀಟರಿನಲ್ಲಿ ಸೊನ್ನೆ: ಗ್ಯಾಸ್ ಡಿಟೆಕ್ಟರಿನ ದೋಷ ಹುಡುಕುವ ಬಗೆ

ಉರಿಯುವ ಅನಿಲ ಅಳೆಯುವ ಮೀಟರ್ ಕೆಟ್ಟಿದೆ ಎಂದು ತಂದುಕೊಡುವವರ ದೂರುಗಳು ಹೆಚ್ಚೆಂದರೆ ನಾಲ್ಕೈದು ಬಗೆ. ವಾಸನೆ ಮೂಗಿಗೆ ಬಡಿಯುತ್ತಿದೆ, ಮೀಟರ್ ಸೊನ್ನೆ ಎನ್ನುತ್ತಿದೆ. ಅಂಕಿ ಸರ್ರನೆ ಮೇಲೇರಿ ತಾನಾಗಿಯೇ ಇಳಿದುಹೋಯಿತು. ಪಕ್ಕಪಕ್ಕ ಇಟ್ಟ ಎರಡು ಮೀಟರುಗಳ ಲೆಕ್ಕ ಹೊಂದುತ್ತಿಲ್ಲ. ಬ್ಲೋವರ್ ಹಾಕಿದ ಮೇಲೆ ಗ್ಯಾಸ್ ಇಳಿಯುವ ಬದಲು ಏರಿತು. ಒಳ್ಳೆಯ ಗಾಳಿಯಲ್ಲಿ ಮೈನಸ್ ಬರುತ್ತಿದೆ. ಇವುಗಳಲ್ಲಿ ಬಹಳ ಸಲ ಮೀಟರ್ ಸರಿಯಾಗಿಯೇ ಇರುತ್ತದೆ, ಅದು ಹೇಳಿದ್ದನ್ನು ನಾವು ತಪ್ಪಾಗಿ ಓದಿರುತ್ತೇವೆ. ಕೆಲವು ಸಲ ನಿಜಕ್ಕೂ ಕೆಟ್ಟಿರುತ್ತದೆ, ಆದರೆ ಕೆಟ್ಟಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಭಯಪಡಬೇಕಾದದ್ದು ಈ ಎರಡನೆಯದಕ್ಕೆ.

ಯಾವ ದೂರೇ ಇರಲಿ, ಮೊದಲ ಕೆಲಸ ಒಂದೇ. ಆ ಜಾಗದಲ್ಲಿ ಗ್ಯಾಸ್ ಇದೆ ಎಂದುಕೊಂಡು ಹೊರಗೆ ಬನ್ನಿ. ಸ್ವಿಚ್ ಮುಟ್ಟಬೇಡಿ. ಮೀಟರಿನ ತಪಾಸಣೆ ತೆರೆದ, ಒಳ್ಳೆಯ ಗಾಳಿಯಲ್ಲಿ ಆಗಬೇಕು. ಅನುಮಾನ ಬಂದಿರುವ ತೊಟ್ಟಿಯ ಬಾಯಲ್ಲಿ ನಿಂತು ಮೀಟರನ್ನು ತಟ್ಟಿ ತಟ್ಟಿ ನೋಡುವುದು ತಪಾಸಣೆಯಲ್ಲ.

ಎರಡು ಶೇಕಡಗಳ ಗೊಂದಲ

ಮೀಥೇನ್ ಗಾಳಿಯಲ್ಲಿ ಗಾತ್ರದ ಲೆಕ್ಕದಲ್ಲಿ ಸುಮಾರು ಶೇ. 5ರಿಂದ ಶೇ. 15ರವರೆಗೆ ಇದ್ದರೆ ಮಾತ್ರ ಬೆಂಕಿ ಹತ್ತಿ ಹರಡುತ್ತದೆ. ಶೇ. 5ಕ್ಕಿಂತ ಕಡಿಮೆಯಿದ್ದರೆ ಇಂಧನ ಸಾಲದು, ಶೇ. 15 ಮೀರಿದರೆ ಆಮ್ಲಜನಕ ಸಾಲದು. ಕೆಳಗಿನ ಗಡಿ ಎಲ್‌ಇಎಲ್, ಮೇಲಿನದು ಯುಇಎಲ್. ಪ್ರೋಪೇನಿಗೆ ಈ ಗಡಿಗಳು 2.1 ಮತ್ತು 9.5, ಪೆಟ್ರೋಲ್ ಆವಿಗೆ 1.4 ಮತ್ತು 7.6, ಅಮೋನಿಯಾಗೆ 15 ಮತ್ತು 28. ಹೈಡ್ರೋಜನ್ನಿನ ಹರವು ಗಾಬರಿ ಹುಟ್ಟಿಸುವಂಥದು: 4ರಿಂದ 75.

ಮೀಟರಿನ ಪರದೆಯ ಮೇಲೆ ಕಾಣುವ ಶೇಕಡ ಈ ಶೇಕಡವಲ್ಲ. ಅದು ಎಲ್‌ಇಎಲ್‌ನ ಶೇಕಡ. ಮೀಥೇನಿಗೆ ಹೊಂದಿಸಿದ ಮೀಟರ್ 50 ತೋರಿಸಿದರೆ ಗಾಳಿಯಲ್ಲಿ ಶೇ. 2.5 ಮೀಥೇನ್ ಇದೆ ಎಂದರ್ಥ. 10 ತೋರಿಸಿದರೆ ಶೇ. 0.5, ಅಂದರೆ 5,000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5,000 ಪಾಲು). ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ "100 ಬಂದರೆ ತಾನೇ ಪೂರ್ತಿ ಗ್ಯಾಸ್, 60ಕ್ಕೆ ಯಾಕೆ ಗಾಬರಿ" ಎನ್ನುವ ಮಾತಿನ ಬೇರು ಇಲ್ಲೇ ಇರುವುದು. 100 ಎಂದರೆ ಜಾಗದ ತುಂಬ ಗ್ಯಾಸ್ ಎಂದಲ್ಲ, ಕಿಡಿಯೊಂದು ಸಾಕು ಎಂದು.

ವಾಸನೆ ಇದೆ, ಅಂಕಿ ಸೊನ್ನೆ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ಕಾರಣಗಳಿರುವುದೂ ಇದಕ್ಕೇ. ಸುಲಭದಿಂದ ಶುರುಮಾಡೋಣ.

ಮೊದಲು ಮೂಗನ್ನೇ ಅನುಮಾನಿಸಿ. ಮೂಗು ಈ ಮೀಟರಿಗಿಂತ ಸಾವಿರಾರು ಪಾಲು ಚುರುಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಒಂದು ಪಿಪಿಎಂಗಿಂತ ಎಷ್ಟೋ ಕಡಿಮೆಯಿದ್ದಾಗಲೇ ಗೊತ್ತಾಗುತ್ತದೆ. ಅದರ ಎಲ್‌ಇಎಲ್ ಸುಮಾರು ಶೇ. 4, ಅಂದರೆ 40,000 ಪಿಪಿಎಂ. ಜೀವಕ್ಕೆ ತಕ್ಷಣದ ಅಪಾಯ ಎನ್ನುವ 100 ಪಿಪಿಎಂ ಇದ್ದರೂ ಎಲ್‌ಇಎಲ್ ಲೆಕ್ಕದಲ್ಲಿ ಅದು 0.25. ಪರದೆಯಲ್ಲಿ ಸೊನ್ನೆಯೇ ಬರುತ್ತದೆ, ಮೀಟರ್ ಸುಳ್ಳು ಹೇಳಿದಂತೂ ಅಲ್ಲ. ಹೊತ್ತಿಕೊಳ್ಳುತ್ತದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದೆ. ಉಸಿರಾಡಬಹುದೇ ಎಂದು ನೀವು ಕೇಳಿಯೇ ಇಲ್ಲ. ಪೇಂಟಿನ ದ್ರಾವಕವಾದ ಟಾಲ್ವೀನಿನ ಆವಿಯದೂ ಇದೇ ಕಥೆ. ಅದರ ಎಲ್‌ಇಎಲ್‌ನ ಹತ್ತನೇ ಒಂದು ಪಾಲು, ಅಂದರೆ ಸಾಮಾನ್ಯವಾಗಿ ಮೊದಲ ಅಲಾರಂ ಹೊಡೆಯುವ ಮಟ್ಟ, 1,100 ಪಿಪಿಎಂ. ಅಷ್ಟರಲ್ಲಿ ಒಳಗಿರುವವನಿಗೆ ತಲೆ ತಿರುಗಿ ಹೊತ್ತಾಗಿರುತ್ತದೆ. ವಿಷದ ಪ್ರಶ್ನೆಗೆ ಬೇರೆ ಸೆನ್ಸರ್ ಬೇಕು.

ಎರಡನೆಯದು ಪೈಪು. ಪಂಪ್ ಇರುವ ಮೀಟರಾದರೆ ಪೈಪಿನ ತುದಿಯನ್ನು ಬೆರಳಿನಿಂದ ಮುಚ್ಚಿ. ಪಂಪಿನ ಸದ್ದು ಬದಲಾಗಿ ಕೆಲವು ಸೆಕೆಂಡುಗಳಲ್ಲಿ ಹರಿವಿನ ಅಲಾರಂ ಬರಬೇಕು. ಬರಲಿಲ್ಲವೆಂದರೆ ನಡುವೆ ಎಲ್ಲೋ ಸೀಳಿದೆ ಅಥವಾ ಜಾಯಿಂಟ್ ಸಡಿಲವಿದೆ. ಮೀಟರ್ ತೊಟ್ಟಿಯ ಗಾಳಿಯನ್ನಲ್ಲ, ನಿಮ್ಮ ಕಾಲ ಬಳಿಯ ಗಾಳಿಯನ್ನು ಎಳೆಯುತ್ತಿದೆ. ಪೈಪು ಸರಿಯಿದ್ದರೆ ಕಾಯುವ ಸಮಯ ನೋಡಿ. ಉದ್ದನೆಯ ಪೈಪಿನಲ್ಲಿ ಗಾಳಿ ಸೆನ್ಸರ್ ತಲುಪಲು ಹೊತ್ತು ಬೇಕು, ಆಮೇಲೆ ಸೆನ್ಸರ್ ಮೇಲೇರಲು ಇನ್ನಷ್ಟು ಹೊತ್ತು. ಪ್ರತಿ ಮೀಟರ್ ಉದ್ದಕ್ಕೆ ಎಷ್ಟು ಎಂದು ಕೈಪಿಡಿಯಲ್ಲಿ ಇರುತ್ತದೆ. ಪೈಪು ಇಳಿಬಿಟ್ಟು ಹತ್ತೆಣಿಸಿ ಎಳೆದುಕೊಳ್ಳುವವರು ಅಳೆದದ್ದು ಪೈಪಿನೊಳಗಿದ್ದ ಹಳೇ ಗಾಳಿಯನ್ನು. ಭಾರವಾದ ದ್ರಾವಕದ ಆವಿ ಪೈಪಿನ ಒಳಗೋಡೆಗೇ ಅಂಟಿಕೊಳ್ಳುವುದೂ ಉಂಟು, ಅದಕ್ಕೆ ತಕ್ಕ ಪೈಪೇ ಬೇಕು.

ಮೂರನೆಯದು ಎತ್ತರ. ಮೀಥೇನ್, ಹೈಡ್ರೋಜನ್, ಅಮೋನಿಯಾ ಗಾಳಿಗಿಂತ ಹಗುರ. ಪ್ರೋಪೇನ್ ಗಾಳಿಯ ಒಂದೂವರೆ ಪಟ್ಟು ಭಾರ, ಪೆಟ್ರೋಲ್ ಆವಿ ಮೂರು ನಾಲ್ಕು ಪಟ್ಟು. ಎದೆಯ ಮಟ್ಟದಲ್ಲಿ ಹಿಡಿದು ಸೊನ್ನೆ ಎಂದವರು ತಳದಲ್ಲಿ, ನಡುವೆ, ಮಾಡಿನ ಕೆಳಗೆ ಮೂರೂ ಕಡೆ ಅಳೆಯಲಿ.

ನಾಲ್ಕನೆಯದು ದ್ರವದ ಸ್ವಭಾವ. ಡೀಸೆಲ್ಲಿನ ಮಿಂಚುಬಿಂದು 50 ಡಿಗ್ರಿಗೂ ಮೇಲೆ. ಮಿಂಚುಬಿಂದು ಎಂದರೆ ದ್ರವದ ಮೇಲಿನ ಆವಿ ಎಲ್‌ಇಎಲ್ ಮುಟ್ಟುವಷ್ಟು ಏಳುವ ತಾಪ. ಹಾಗಾಗಿ 25 ಡಿಗ್ರಿಯಲ್ಲಿ ಡೀಸೆಲ್ ತೊಟ್ಟಿಯ ಮೀಟರ್ ಓದು ಕಡಿಮೆ ಇರುವುದು ಸಹಜ. ಆದರೆ ಅದೇ ತೊಟ್ಟಿಗೆ ವೆಲ್ಡಿಂಗ್ ಶಾಖ ತಗುಲಿದಾಗ ತಳದ ಕೆಸರಿನಿಂದ ಆವಿ ಏಳುತ್ತದೆ, ಬೆಳಗಿನ ಸೊನ್ನೆ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ಮಂಜಿನಂತೆ ಸಿಡಿದ ಎಣ್ಣೆಹನಿಗಳು ಮಿಂಚುಬಿಂದುವಿಗಿಂತ ಕೆಳಗೂ ಉರಿಯುತ್ತವೆ. ಹನಿಯನ್ನು ಈ ಮೀಟರ್ ಅಳೆಯುವುದೇ ಇಲ್ಲ.

ಐದನೆಯದು, ಸೆನ್ಸರ್ ಸತ್ತಿರುವುದು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಸದ್ದಿಲ್ಲದೆ ಸಾಯುವ ಮಣಿ

ಬಹುಪಾಲು ಎಲ್‌ಇಎಲ್ ಮೀಟರುಗಳಲ್ಲಿ ಇರುವುದು ವೇಗವರ್ಧಕ ಮಣಿ, ಪೆಲ್ಲಿಸ್ಟರ್. ಸಣ್ಣ ಪ್ಲಾಟಿನಂ ಸುರುಳಿಯ ಮೇಲೆ ಪಿಂಗಾಣಿಯಂಥ ಮಣಿ, ಅದರ ಮೇಲೆ ವೇಗವರ್ಧಕದ ಲೇಪ. ಕರೆಂಟಿನಿಂದ ಅದನ್ನು 500 ಡಿಗ್ರಿ ಆಸುಪಾಸಿಗೆ ಕಾಯಿಸುತ್ತಾರೆ. ಗ್ಯಾಸ್ ಬಂದರೆ ಮಣಿಯ ಮೇಲೆ ಜ್ವಾಲೆಯಿಲ್ಲದೆ ಉರಿಯುತ್ತದೆ, ಮಣಿ ಇನ್ನಷ್ಟು ಕಾಯುತ್ತದೆ, ಸುರುಳಿಯ ರೋಧ ಏರುತ್ತದೆ. ಲೇಪವಿಲ್ಲದ ಜೊತೆಮಣಿಯೊಂದಿಗೆ ಹೋಲಿಸಿ ವ್ಹೀಟ್‌ಸ್ಟೋನ್ ಸೇತುವೆ ಎಂಬ, ರೋಧಗಳ ವ್ಯತ್ಯಾಸ ಹಿಡಿಯುವ ಸರ್ಕ್ಯೂಟಿನ ಮೂಲಕ ಆ ವ್ಯತ್ಯಾಸವನ್ನು ಅಂಕಿಯಾಗಿಸುತ್ತಾರೆ. ಗ್ಯಾಸನ್ನು ತಾನೇ ಒಂದಿಷ್ಟು ಸುಟ್ಟು ನೋಡಿ ಹೇಳುವ ಪ್ರಾಮಾಣಿಕ ಸಾಧನ ಇದು.

ಆದರೆ ಲೇಪ ಹಾಳಾದರೆ? ಆಗ ಎರಡು ಮಣಿಗಳೂ ಒಂದೇ ಬಿಸಿಯಲ್ಲಿರುತ್ತವೆ, ಸೇತುವೆ ಸಮತೋಲದಲ್ಲಿರುತ್ತದೆ, ಪರದೆಯಲ್ಲಿ ಸುಂದರವಾದ ಸೊನ್ನೆ. ಬ್ಯಾಟರಿ ಸರಿ, ಸುರುಳಿ ಸರಿ, ಸ್ವಯಂ ತಪಾಸಣೆ ಪಾಸ್. ಒಳ್ಳೆಯ ಗಾಳಿಯ ಸೊನ್ನೆಗೂ ಸತ್ತ ಮಣಿಯ ಸೊನ್ನೆಗೂ ನೋಟದಲ್ಲಿ ಏನೇನೂ ವ್ಯತ್ಯಾಸವಿಲ್ಲ. ಇದನ್ನು ಹಿಡಿಯಲು ಇರುವ ದಾರಿ ಬಂಪ್ ಟೆಸ್ಟ್ ಮಾತ್ರ: ಗೊತ್ತಿರುವ ಗ್ಯಾಸನ್ನು ಸಿಲಿಂಡರಿನಿಂದ ಬಿಟ್ಟು ಅಂಕಿ ಏರುತ್ತದೆಯೇ ನೋಡುವುದು.

ಕೊಲ್ಲುವವರಲ್ಲಿ ಮೊದಲನೆಯವನು ಸಿಲಿಕೋನ್. ಸ್ಪ್ರೇ ಲೂಬ್ರಿಕೆಂಟ್, ಸೀಲಂಟ್, ಪಾಲಿಶ್, ಕೆಲವು ಕೈಕ್ರೀಮುಗಳು ಎಲ್ಲದರಲ್ಲೂ ಇರುತ್ತದೆ. ಅದರ ಆವಿ ಬಿಸಿ ಮಣಿಯ ಮೇಲೆ ಉರಿದು ಗಾಜಿನಂಥ ಪದರವಾಗಿ ಕೂರುತ್ತದೆ, ಮತ್ತೆ ಏಳುವುದಿಲ್ಲ. ಸೀಸದ ಸಂಯುಕ್ತಗಳೂ ಹಾಗೆಯೇ. ಹೈಡ್ರೋಜನ್ ಸಲ್ಫೈಡ್ ಮತ್ತು ಕ್ಲೋರಿನ್ ಇರುವ ದ್ರಾವಕಗಳು ಸ್ವಲ್ಪ ಬೇರೆ ಜಾತಿ. ಇವು ಮಣಿಯನ್ನು ಮಂಕಾಗಿಸುತ್ತವೆ, ಒಳ್ಳೆಯ ಗಾಳಿಯಲ್ಲಿ ಕೆಲಹೊತ್ತು ಓಡಿಸಿದರೆ ಶಕ್ತಿ ಒಂದಿಷ್ಟು ಮರಳಬಹುದು. ಮರಳಿತೆಂದು ಹಾಗೇ ಒಳಗೆ ಒಯ್ಯಬೇಡಿ, ಮತ್ತೆ ಕ್ಯಾಲಿಬ್ರೇಷನ್ ಆಗಲಿ, ಅಂದರೆ ಗೊತ್ತಿರುವ ಗ್ಯಾಸ್ ಕೊಟ್ಟು ಅಂಕಿ ಹೊಂದಿಸುವ ಕೆಲಸ.

ಈಗ ಬಹಳ ಜನ ಎಡವುವ ಜಾಗ. ಮಣಿ ಸಾಯುವಾಗ ಎಲ್ಲ ಗ್ಯಾಸಿಗೂ ಒಟ್ಟಿಗೆ ಸಾಯುವುದಿಲ್ಲ. ಮೀಥೇನ್ ಅಣು ಮುರಿಯಲು ಬಲು ಗಟ್ಟಿ, ಅದನ್ನು ಉರಿಸಲು ಲೇಪ ಪೂರ್ತಿ ಹುರುಪಿನಲ್ಲಿರಬೇಕು. ಹಾಗಾಗಿ ಮಂಕಾದ ಮಣಿ ಮೊದಲು ಕಳೆದುಕೊಳ್ಳುವುದು ಮೀಥೇನನ್ನು. ಪ್ರೋಪೇನಿಗೆ, ಹೈಡ್ರೋಜನ್ನಿಗೆ ಇನ್ನೂ ಚೆನ್ನಾಗಿ ಸ್ಪಂದಿಸುತ್ತಿರುತ್ತದೆ. ಲೈಟರಿನ ಗ್ಯಾಸ್ ಒಂದು ಚಿಟಿಕೆ ಬಿಟ್ಟು "ನೋಡಿ, ಸರಿ ಇದೆ" ಎನ್ನುವವರನ್ನು ನಂಬಬೇಡಿ. ಅದು ಬ್ಯೂಟೇನ್, ಮೀಥೇನಿಗೆ ಸತ್ತಿರುವ ಮಣಿಯೂ ಅದಕ್ಕೆ ತಲೆಯಾಡಿಸುತ್ತದೆ. ಮೇಲಾಗಿ ಅಷ್ಟು ದಟ್ಟ ಗ್ಯಾಸ್ ಒಳ್ಳೆಯ ಮಣಿಯನ್ನೂ ಕೆಡಿಸುತ್ತದೆ. ಒಳಗೆ ಮೀಥೇನ್ ಇರುವ ಸಂಭವವಿದ್ದರೆ ಬಂಪ್ ಟೆಸ್ಟಿಗೂ ಮೀಥೇನೇ ಬೇಕು.

ಗ್ಯಾಸ್ ಎಷ್ಟು ಅವಗೆಂಪು ಬೆಳಕು ಹೀರಿತು ಎಂದು ಅಳೆಯುವ ಇನ್ಫ್ರಾರೆಡ್ ಸೆನ್ಸರ್ ಇರುವವರು ನಗಬೇಕಿಲ್ಲ. ಅದಕ್ಕೆ ಸಿಲಿಕೋನ್ ವಿಷವಲ್ಲ, ಆಮ್ಲಜನಕವೂ ಬೇಡ, ನಿಜ. ಆದರೆ ಹೈಡ್ರೋಜನ್ ಅದರ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಹೈಡ್ರೋಜನ್ ಅಣು ಆ ಬೆಳಕನ್ನು ಹೀರುವುದಿಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವ ಬ್ಯಾಟರಿಗಳ ಕೋಣೆಗೆ ಇನ್ಫ್ರಾರೆಡ್ ಮೀಟರ್ ಒಯ್ದರೆ ಶೇ. 4 ದಾಟಿದರೂ ಸೊನ್ನೆಯೇ.

ಏರಿ, ಇಳಿದು, ಸೊನ್ನೆಗೆ ಬಂದರೆ

ಮೀಟರ್ ತೊಟ್ಟಿಯೊಳಗೆ ಇಳಿಯುತ್ತಿದ್ದಂತೆ ಅಂಕಿ ನೂರರ ಕಡೆ ಹಾರಿ, ಮರುಕ್ಷಣ ಕೆಳಗಿಳಿದು ಸುಮ್ಮನಾದರೆ ಗ್ಯಾಸ್ ಹೋಯಿತು ಎಂದುಕೊಳ್ಳಬೇಡಿ. ಹೆಚ್ಚಾಗಿಬಿಟ್ಟಿದೆ ಎಂದುಕೊಳ್ಳಿ. ಮಣಿಗೆ ಉರಿಸಲು ಗ್ಯಾಸಿನ ಜೊತೆ ಆಮ್ಲಜನಕವೂ ಬೇಕು. ಗಾಳಿಯಲ್ಲಿ ಶೇ. 9.5ರಷ್ಟು ಮೀಥೇನ್ ಇದ್ದಾಗ ಅದನ್ನು ಪೂರ್ತಿ ಉರಿಸಲು ಆಮ್ಲಜನಕ ಸರಿಯಾಗಿ ಸಾಕಾಗುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಆಮ್ಲಜನಕ ಸಾಲದೆ ಮಣಿಯ ಬಿಸಿ ಇಳಿಯುತ್ತದೆ. ಶೇ. 60 ಮೀಥೇನ್ ತುಂಬಿದ ಗುಂಡಿಯಲ್ಲಿ ಉಳಿಯುವ ಆಮ್ಲಜನಕ ಶೇ. 8 ಚಿಲ್ಲರೆ, ಆಗ ಮಣಿಯ ಮಾತಿಗೆ ಬೆಲೆಯಿಲ್ಲ. ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ ಆಮ್ಲಜನಕದಲ್ಲಿ ಪೆಲ್ಲಿಸ್ಟರ್ ಓದನ್ನು ನಂಬಬಾರದು. ಈಗಿನ ಮೀಟರುಗಳು ನೂರು ದಾಟಿದೊಡನೆ ಅಲಾರಂ ಹಿಡಿದು ನಿಲ್ಲುತ್ತವೆ, ನಾವೇ ಹೊರಗೆ ತಂದು ರೀಸೆಟ್ ಮಾಡುವವರೆಗೆ ಬಿಡುವುದಿಲ್ಲ. ಹಳೆಯ ಮುಳ್ಳಿನ ಮೀಟರುಗಳಿಗೆ ಆ ಬುದ್ಧಿಯಿಲ್ಲ, ಮುಳ್ಳಿನ ಮೇಲೆ ಕಣ್ಣಿಟ್ಟವನಿಗೆ ಮಾತ್ರ ಆ ಒಂದು ಜಿಗಿತ ಕಾಣುತ್ತದೆ.

ಇದನ್ನು ಹಿಡಿಯುವ ಉಪಾಯ ಪಕ್ಕದಲ್ಲೇ ಇರುತ್ತದೆ: ಆಮ್ಲಜನಕದ ಅಂಕಿ. ಒಳ್ಳೆಯ ಗಾಳಿಯಲ್ಲಿ ಅದು 20.9. ಬೇರೆ ಅನಿಲ ಬಂದು ಜಾಗ ಹಿಡಿದಷ್ಟೂ ಗಾಳಿ ಸರಿಯಬೇಕು, ಆಮ್ಲಜನಕ ಸರಿಯುವುದು ಅದರ ಐದನೇ ಒಂದು ಪಾಲು ಮಾತ್ರ. ಆದ್ದರಿಂದ ಆಮ್ಲಜನಕ ಒಂದು ಅಂಕ ಇಳಿದರೆ ಹತ್ತಿರ ಹತ್ತಿರ ಐದು ಅಂಕದಷ್ಟು ಬೇರೇನೋ ಒಳಗೆ ಬಂದಿದೆ. ಎಲ್‌ಇಎಲ್ ಸೊನ್ನೆ, ಆಮ್ಲಜನಕ 18.0 ಎಂದಿಟ್ಟುಕೊಳ್ಳಿ. ಇಳಿದದ್ದು 2.9, ಅದನ್ನು 20.9ರಿಂದ ಭಾಗಿಸಿದರೆ ಸುಮಾರು ಶೇ. 14. ಆ ಹದಿನಾಲ್ಕು ಮೀಥೇನೇ ಆಗಿದ್ದರೆ ನೀವು ಉರಿಯುವ ಹರವಿನ ಒಳಗೇ ಇದ್ದೀರಿ, ಮಣಿ ಸತ್ತಿದೆ. ತುಕ್ಕು ಹಿಡಿಯುವಾಗ, ಏನಾದರೂ ಕೊಳೆಯುವಾಗ ಆಮ್ಲಜನಕ ಖರ್ಚಾಗಿಯೂ ಕಡಿಮೆಯಾಗುತ್ತದೆ, ಸಾರಜನಕ ಸೋರಿಯೂ ಆಗಬಹುದು. ಯಾವುದು ಎಂದು ತಿಳಿಯುವವರೆಗೆ ಉರಿಯುವ ಗ್ಯಾಸ್ ಎಂದೇ ನಡೆದುಕೊಳ್ಳುವುದು. ಎಲ್‌ಇಎಲ್ ಅಂಕಿಗಿಂತ ಮೊದಲು ಆಮ್ಲಜನಕದ ಅಂಕಿ ಓದಿ. ನಾಲ್ಕು ಗ್ಯಾಸಿನ ಮೀಟರಿನಲ್ಲಿ (ಉರಿಯುವ ಅನಿಲ, ಆಮ್ಲಜನಕ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್) ನಾನು ಮೊದಲು ನೋಡುವುದು ಅದನ್ನೇ.

ಸಾರಜನಕ ತುಂಬಿಸಿ ಜಡಗೊಳಿಸಿದ ತೊಟ್ಟಿಗೂ ಇದೇ ಮಾತು. ಅಲ್ಲಿ ಪೆಲ್ಲಿಸ್ಟರಿನ ಸೊನ್ನೆಗೆ ಅರ್ಥವಿಲ್ಲ. ಇನ್ಫ್ರಾರೆಡ್ ಬೇಕು, ಇಲ್ಲವೇ ಮಾದರಿಗೆ ಅಳತೆಯಲ್ಲಿ ಗಾಳಿ ಬೆರೆಸಿಕೊಡುವ ಜೋಡಣೆ ಬೇಕು.

ಬ್ಲೋವರ್ ಹಾಕಿದ ಮೇಲೆ ಅಂಕಿ ಏರಿತು

ಮೇಲಿನದು ಅರ್ಥವಾದವರಿಗೆ ಇದು ಅರ್ಧ ನಿಮಿಷದ ಮಾತು. ಮುಚ್ಚಿದ ಪೆಟ್ರೋಲ್ ತೊಟ್ಟಿಯ ಖಾಲಿ ಜಾಗದಲ್ಲಿ ಆವಿ ಸಾಮಾನ್ಯವಾಗಿ ಮೇಲಿನ ಗಡಿಯನ್ನೂ ಮೀರಿ ದಟ್ಟವಾಗಿರುತ್ತದೆ. ಗಾಳಿ ಊದುತ್ತಾ ಹೋದಂತೆ ಅದು ತೆಳುವಾಗುತ್ತಾ 7.6ಕ್ಕೆ ಇಳಿಯುತ್ತದೆ, ಅಲ್ಲಿಂದ 1.4ರವರೆಗಿನ ಇಡೀ ಅಪಾಯದ ಹಾದಿಯನ್ನು ನಡೆದೇ ಹೊರಬರುತ್ತದೆ. ಮೀಟರ್ ಏರಿದ್ದು ಆ ಹಾದಿ ಹತ್ತಿರವಾದದ್ದಕ್ಕೆ. ಮೀಟರನ್ನು ಬೈದು ಬ್ಲೋವರ್ ನಿಲ್ಲಿಸಿದರೆ ತೊಟ್ಟಿಯನ್ನು ಅತ್ಯಂತ ಕೆಟ್ಟ ಜಾಗದಲ್ಲಿ ನಿಲ್ಲಿಸಿದಂತೆ. ಹತ್ತಿರದಲ್ಲಿ ಕಿಡಿಯ ಮೂಲವಿರಬಾರದು, ಬ್ಲೋವರಿಗೆ ಅರ್ಥಿಂಗ್ ಆಗಿರಬೇಕು, ಹೊರಹೋಗುವ ಆವಿ ಯಾರ ಕಾಲಬುಡಕ್ಕೂ ಹರಿಯಬಾರದು. ಮೊದಲು ಸಾರಜನಕ ಊದಿ ಆಮೇಲೆ ಗಾಳಿ ಊದುವ ಕ್ರಮ ಬಂದದ್ದು ಈ ಹಾದಿಯನ್ನೇ ತಪ್ಪಿಸಲು. ಸಾರಜನಕದ ನಡುವೆ ಆಮ್ಲಜನಕ ಸುಮಾರು ಶೇ. 12ಕ್ಕಿಂತ ಕೆಳಗಿದ್ದರೆ ಮೀಥೇನ್ ಉರಿಯದು. ಹೈಡ್ರೋಜನ್ನಿಗೆ ಮಾತ್ರ ಶೇ. 5ರ ಕೆಳಗೆ ಇಳಿಸಬೇಕು.

ಎಥನಾಲ್ ತೊಟ್ಟಿ ಇದಕ್ಕಿಂತ ಕಪಟಿ. 20 ಡಿಗ್ರಿಯಲ್ಲಿ ಅದರ ಮೇಲಿನ ಆವಿ ಶೇ. 6ರ ಹತ್ತಿರ, ಉರಿಯುವ ಹರವು 3.3ರಿಂದ 19. ಯಾರೂ ಏನೂ ಮಾಡದೆ, ಮುಚ್ಚಳ ಹಾಕಿಟ್ಟಾಗಲೇ ಒಳಗೆ ಸ್ಫೋಟಕ ಮಿಶ್ರಣ ಸಿದ್ಧವಾಗಿರುತ್ತದೆ. ಅಲ್ಲಿ ಮೀಟರ್ ನೂರು ಮೀರಿ ಕೂಗಿದರೆ ದೋಷ ಹುಡುಕಬೇಡಿ.

ಎರಡು ಮೀಟರ್, ಎರಡು ಲೆಕ್ಕ

ಒಂದೇ ಸಿಲಿಂಡರಿನಿಂದ ಶೇ. 2.5 ಮೀಥೇನ್ ಬಿಟ್ಟಾಗ ಒಂದು 50 ಎನ್ನುತ್ತದೆ, ಇನ್ನೊಂದು 57. ಎರಡೂ ಸರಿ! ಮೊದಲನೆಯದು ಮೀಥೇನಿನ ಎಲ್‌ಇಎಲ್ 5.0 ಎಂದು ನಂಬಿದೆ, ಎರಡನೆಯದು 4.4 ಎಂಬ ಅಂತರರಾಷ್ಟ್ರೀಯ ಮಾನಕವನ್ನು. ಗಡಿ ಎಂಬುದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ, ಅಳೆದ ಪಾತ್ರೆಯ ಮೇಲೆ, ಜ್ವಾಲೆ ಯಾವ ದಿಕ್ಕಿಗೆ ಹರಡಿತು ಎನ್ನುವುದರ ಮೇಲೆ ನಿಂತಿದೆ. ಹೈಡ್ರೋಜನ್ ಜ್ವಾಲೆ ಮೇಲ್ಮುಖವಾಗಿ ಹರಡಲು ಶೇ. 4 ಸಾಕು, ಕೆಳಮುಖವಾಗಿ ಹರಡಲು ಸುಮಾರು 9 ಬೇಕು. ಬಿಸಿ ಏರಿದರೆ ಹರವು ಇನ್ನೂ ಹಿಗ್ಗುತ್ತದೆ. ಕೋಣೆಯ ತಾಪದ ಕೋಷ್ಟಕವನ್ನು ಬಿಸಿ ಒಲೆಗೂಡಿಗೆ ಹಚ್ಚಬಾರದು. ನಿಮ್ಮ ಎಲ್ಲ ಮೀಟರುಗಳನ್ನೂ ಒಂದೇ ಗಡಿಗೆ ಹೊಂದಿಸಿಡಿ, ಜಗಳ ಮುಗಿಯಿತು.

ವ್ಯತ್ಯಾಸ ದುಪ್ಪಟ್ಟು ಇದ್ದರೆ ಕಾರಣ ಬೇರೆ. ಮೀಥೇನಿಗೆ ಹೊಂದಿಸಿದ ಮಣಿಗೆ ಪೆಂಟೇನ್ ಆವಿ ಕೊಟ್ಟರೆ ನಿಜದ ಅರ್ಧದಷ್ಟೇ ತೋರಿಸುತ್ತದೆ. ಭಾರದ ಅಣುಗಳು ಫಿಲ್ಟರ್ ದಾಟಿ ಮಣಿಗೆ ತಲುಪುವುದು ನಿಧಾನ. ಅಂದರೆ 10ಕ್ಕೆ ಇಟ್ಟ ಅಲಾರಂ ಹೊಡೆಯುವುದು ನಿಜಕ್ಕೂ 20 ಆದಾಗ. ತಯಾರಕರ ತಿದ್ದುಗುಣಕದ ಪಟ್ಟಿ ಇರುವುದು ಇದಕ್ಕೇ. ಯಾವ ಆವಿ ಎಂದು ಗೊತ್ತಿಲ್ಲದ ಕಡೆ ಮೀಟರನ್ನು ಪೆಂಟೇನ್ ಲೆಕ್ಕಕ್ಕೆ ಹೊಂದಿಸಿ, ತಪಾಸಣೆಯನ್ನು ಮಾತ್ರ ಮೀಥೇನಿನಿಂದ ಮಾಡುವುದು ನನ್ನ ಮಟ್ಟಿಗೆ ಒಳ್ಳೆಯ ಪದ್ಧತಿ: ತಪ್ಪಿದರೂ ಬಹುಪಾಲು ಹೆಚ್ಚೇ ತೋರಿಸುತ್ತದೆ, ಮಣಿ ಮಂಕಾದರೆ ಅದೂ ಸಿಕ್ಕಿಬೀಳುತ್ತದೆ.

ಮಿಶ್ರ ಅನಿಲವಾದರೆ ಗಡಿಯನ್ನೇ ಲೆಕ್ಕ ಹಾಕಬೇಕು. ಇಂಧನದಲ್ಲಿ 80 ಪಾಲು ಮೀಥೇನ್, 15 ಪಾಲು ಈಥೇನ್, 5 ಪಾಲು ಪ್ರೋಪೇನ್ ಇದ್ದರೆ ಪ್ರತಿ ಪಾಲನ್ನೂ ಅದರದರ ಎಲ್‌ಇಎಲ್‌ನಿಂದ ಭಾಗಿಸಿ: 16, 5 ಮತ್ತು 2.4. ಕೂಡಿದರೆ 23.4, ನೂರನ್ನು ಅದರಿಂದ ಭಾಗಿಸಿದರೆ 4.3. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆ ಕೊಟ್ಟ ಈ ಸೂತ್ರ ಕೆಳಗಿನ ಗಡಿಗೆ ಚೆನ್ನಾಗಿ ಹೊಂದುತ್ತದೆ, ಮೇಲಿನ ಗಡಿಗೆ ಅಷ್ಟು ನೆಚ್ಚಿಕೊಳ್ಳಬೇಡಿ.

ಮೈನಸ್ ಅಂಕಿ, ಸುಳ್ಳು ಅಲಾರಂ

ಒಳ್ಳೆಯ ಗಾಳಿಯಲ್ಲಿ ಮೈನಸ್ 8 ಬಂದರೆ ಹೆಚ್ಚಾಗಿ ಕಾರಣ ಒಂದೇ: ಮೀಟರ್ ಆನ್ ಮಾಡಿ ಸೊನ್ನೆ ಹೊಂದಿಸಿದ ಜಾಗದಲ್ಲಿ ಆಗಲೇ 8ರಷ್ಟು ಗ್ಯಾಸ್ ಇತ್ತು. ಕೆಲವು ಮೀಟರುಗಳು ಮೈನಸ್ ತೋರಿಸದೆ ಸೊನ್ನೆ ಎಂದೇ ಸುಮ್ಮನಿರುತ್ತವೆ. ಆಗ 10ರ ಅಲಾರಂ 18ಕ್ಕೆ ಹೊಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಓಡುತ್ತಿರುವ ವಾಹನದ ಹೊಗೆಕೊಳವೆಯ ಪಕ್ಕ, ಪೇಂಟ್ ಡಬ್ಬಿಗಳ ನಡುವೆ ಸೊನ್ನೆ ಹೊಂದಿಸಬೇಡಿ.

ಇದಕ್ಕೆ ಉಲ್ಟಾ, ಗ್ಯಾಸೇ ಇಲ್ಲದ ಕಡೆ ಅಲಾರಂ ಬಂದರೆ ಮೊದಲು ಕೈ ನೋಡಿಕೊಳ್ಳಿ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಮೀಟರ್ ಹಿಡಿದರೆ ಅದು ತೋರಿಸುವುದು ನಿಜವಾದ ಆಲ್ಕೋಹಾಲ್ ಆವಿಯನ್ನೇ. ಇನ್ಫ್ರಾರೆಡ್ ಆದರೆ ಕನ್ನಡಿಯ ಮೇಲೆ ಕೂತ ತೇವ. ಮೀಟರ್ ಬಿದ್ದಿತ್ತೇ ಕೇಳಿ. ಪಕ್ಕದಲ್ಲಿ ವಾಕಿಟಾಕಿ ಒತ್ತಿದಾಗಷ್ಟೇ ಅಂಕಿ ಕುಣಿದರೆ ಅದರದೇ ಕಿತಾಪತಿ.

ಒಂದು ಜೋಡಿ ಮಾತ್ರ ನೆನಪಿನಲ್ಲಿರಲಿ: ಎಲ್‌ಇಎಲ್ 1 ಅಥವಾ 2, ಆದರೆ ಕಾರ್ಬನ್ ಮಾನಾಕ್ಸೈಡ್ ಅಂಕಿ ನೂರಿನ್ನೂರು, ಸುತ್ತ ಉರಿಯುವುದೇನೂ ಇಲ್ಲ. ಮಾನಾಕ್ಸೈಡ್ ಸೆನ್ಸರ್ ಹೈಡ್ರೋಜನ್ನಿಗೂ ಸ್ಪಂದಿಸುತ್ತದೆ. ಹತ್ತಿರದಲ್ಲಿ ಬ್ಯಾಟರಿಗಳು ಚಾರ್ಜ್ ಆಗುತ್ತಿವೆಯೇ ನೋಡಿ.

ಸೆನ್ಸರ್ ಬದಲಿಸುವ ಮೊದಲು

ಬಂಪ್ ಟೆಸ್ಟಿನಲ್ಲಿ ಸೋತ ಮೀಟರಿಗೆ ನೇರ ಹೊಸ ಸೆನ್ಸರ್ ಹಾಕಬೇಡಿ. ಸಿಲಿಂಡರಿನ ಮುಗಿಯುವ ದಿನಾಂಕ ಓದಿ. ಅದರೊಳಗಿನ ಮಿಶ್ರಣ ಗಾಳಿಯದೋ ಸಾರಜನಕದ್ದೋ ನೋಡಿ. ಸಾರಜನಕದಲ್ಲಿ ಬೆರೆಸಿದ ಮೀಥೇನಿಗೆ ಪೆಲ್ಲಿಸ್ಟರ್ ಸರಿಯಾಗಿ ಏರುವುದಿಲ್ಲ, ಆಮ್ಲಜನಕವಿಲ್ಲವಲ್ಲ. ರೆಗ್ಯುಲೇಟರಿನ ಹರಿವು ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ನೋಡಿ. ಸೆನ್ಸರ್ ಮುಂದಿನ ಲೋಹದ ಜಾಲರಿಯಲ್ಲಿ ಧೂಳು, ಪೇಂಟ್, ನೀರು ಕೂತಿದ್ದರೆ ಅಂಕಿ ಕೊನೆಗೆ ಸರಿಯಾದ ಜಾಗಕ್ಕೇ ಬರುತ್ತದೆ, ಆದರೆ ತೆವಳಿಕೊಂಡು ಬರುತ್ತದೆ. ಅದಕ್ಕೇ ಎಷ್ಟು ಏರಿತು ಎನ್ನುವುದರ ಜೊತೆ ಎಷ್ಟು ಸೆಕೆಂಡಿನಲ್ಲಿ ಏರಿತು ಎಂದೂ ಬರೆದಿಡಿ. ತೆವಳಿದರೆ ಜಾಲರಿ, ಬೇಗ ಏರಿ ಅರ್ಧಕ್ಕೇ ನಿಂತರೆ ಮಣಿ.

ಹೊಸ ಸೆನ್ಸರೂ ಕೆಲವೇ ತಿಂಗಳಲ್ಲಿ ಸತ್ತರೆ ಸೆನ್ಸರ್ ಮಾರಿದವರ ಮೇಲೆ ಹರಿಹಾಯುವ ಮುಂಚೆ ಮೀಟರ್ ಇಡುವ ಕಪಾಟಿನ ಬಾಗಿಲು ತೆರೆದು ನೋಡಿ. ಪಕ್ಕದ ಖಾನೆಯಲ್ಲಿ ಸಿಲಿಕೋನ್ ಸ್ಪ್ರೇಯ ಡಬ್ಬಿ ಇದ್ದೀತು.